ಮೂರು ಡಬ್ಬಿ ಹಿಕ್ಕೆ

ಆ ದಿನ ನನ್ನ ದಿನಚರಿಯಲ್ಲಿ ಬರೆದಿರುವುದು ಇಷ್ಟೇ: "ವಾಗದರಿಯಿಂದ ಮೂರು ಡಬ್ಬಿ. ಎರಡು ನೀಲಿ, ಒಂದು ಕೆಂಪು. ಮಧ್ಯಾಹ್ನ ತಲೆನೋವು." ಆ ತಲೆನೋವು ನನಗೆ ಒಂದಿಷ್ಟೂ ನೆನಪಿಲ್ಲ. ನೆನಪಿರುವುದು ಆಮೇಲೆ ನಡೆದದ್ದು, ಕುರಿ ಸಾಕುವ ಒಬ್ಬ ಮುದುಕಿ, ಆಕೆಯ ಕುರಿ, ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಒಂದು ಮರಿ. ದಿನಚರಿಯಲ್ಲಿ ಅವು ಅಲ್ಲೊಂದು ಇಲ್ಲೊಂದು ಸಾಲು ಮಾತ್ರ. ಯಾವುದನ್ನು ನಂಬುವುದು? ಬರೆದಿಟ್ಟದ್ದನ್ನು ನಂಬಿದರೆ ಕಥೆಯೇ ಇಲ್ಲ, ನೆನಪನ್ನು ನಂಬಿದರೆ ಇಷ್ಟು ವರ್ಷದಲ್ಲಿ ನಾನೇ ಎಷ್ಟು ಸೇರಿಸಿದ್ದೇನೋ ಗೊತ್ತಿಲ್ಲ. ಅನುಮಾನ ಬಂದ ಕಡೆ ಅನುಮಾನವನ್ನೂ ಬರೆಯುತ್ತೇನೆ, ಅಷ್ಟೇ ನನ್ನ ಕೈಲಾಗುವುದು.

ಐವತ್ತರ ದಶಕದ ನಡುವಿನ ಮಾತು. ಪುಣೆಯಲ್ಲಿ ಪ್ರಾಣಿಶಾಸ್ತ್ರ ಓದಿ ಸೊಲ್ಲಾಪುರಕ್ಕೆ ಮರಳಿದ ನನಗೆ ಒಂದು ಜಾನುವಾರು ದವಾಖಾನೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವ ಕೆಲಸ ಸಿಕ್ಕಿತ್ತು. ಅಪ್ಪ ಗಿರಣಿಯ ಕಚೇರಿಯಲ್ಲಿ ಗುಮಾಸ್ತ. ಮಗಳು ನೌಕರಿ ಮಾಡುತ್ತಾಳೆಂಬುದು ಅವನಿಗೆ ಹೆಮ್ಮೆ. ಅವ್ವನ ಚಿಂತೆ ಬೇರೆ.

"ಬಿ.ಎಸ್ಸಿ. ಮಾಡಿ ಸಗಣಿ ನೋಡ್ಕೋತ ಕುಂತಾಳ ಅಂತ ಮಂದಿಗೆ ಹೆಂಗ ಹೇಳ್ಲಿ ನಾ?"

"ಸಗಣಿ ಅಲ್ಲವ್ವ, ಹಿಕ್ಕಿ. ಕುರೀದು."

"ಹಾಂ, ಈಗ ಸಮಾಧಾನ ಆತು ನೋಡು!"

ಬಂದ ಹೆಂಗಸರಿಗೆಲ್ಲ ಅವ್ವ, "ಕಾಚಿನಾಗ ನೋಡೋ ಕೆಲಸ ಮಾಡ್ತಾಳ್ರಿ" ಎಂದಷ್ಟೇ ಹೇಳುತ್ತಿದ್ದಳು, ಕಾಚು ಎಂದರೆ ಗಾಜು. ವಿಜಾಪುರ ರಸ್ತೆಯ ನಮ್ಮ ಓಣಿಯಲ್ಲಿ ಅರ್ಧ ಮಂದಿ ನಾನು ಕನ್ನಡಕದ ಅಂಗಡಿಯಲ್ಲಿದ್ದೇನೆಂದು ತಿಳಿದಿದ್ದರು. ಒಬ್ಬಾಕೆ ತನ್ನ ಅತ್ತೆಯ ಮುರಿದ ಕನ್ನಡಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೂ ಬಿಟ್ಟಳು.

ವಾಗದರಿಯ ಕುರಿಗಾರ ಒಂದು ದಿನ ದವಾಖಾನೆಯ ಮೆಟ್ಟಿಲ ಮೇಲೆ ಕಂಬಳಿ ಹಾಸಿ ಕೂತಿದ್ದ. ನಲವತ್ತರ ಹತ್ತಿರದವನಿರಬೇಕು. ಅವನ ತಕರಾರು ಹೀಗಿತ್ತು: ಪ್ರತಿವರ್ಷ ಮಂದೆಯಲ್ಲಿ ಎರಡು ಮೂರು ಕುರಿ ಸುಮ್ಮನೆ ಸೊರಗುತ್ತವೆ. ಮೇಯುತ್ತವೆ, ನೀರು ಕುಡಿಯುತ್ತವೆ, ಆದರೂ ಬೆನ್ನೆಲುಬು ಎದ್ದು ಕಾಣುತ್ತದೆ, ಉಣ್ಣೆ ಕೈಗೆ ಬರುತ್ತದೆ, ಕೆಲವು ತಿಂಗಳಲ್ಲಿ ಸಾಯುತ್ತವೆ. ಬೇಧಿಯಿಲ್ಲ, ಕೆಮ್ಮಿಲ್ಲ. ಸತ್ತದ್ದೆಲ್ಲ ಮೂರು ನಾಲ್ಕು ವರ್ಷದ ಕುರಿಗಳೇ.

ನಮ್ಮ ಡಾಕ್ಟರರು ಮರಾಠಿಯವರು, ನಿಧಾನಸ್ಥರು. ಎಲ್ಲ ಕೇಳಿ, ಇದು ಕರುಳಿನ ಬೇನೆ ಇರಬಹುದು ಎಂದರು. ಪುಸ್ತಕದಲ್ಲಿ ಅದಕ್ಕೊಂದು ಪರದೇಶಿ ಹೆಸರಿತ್ತು, ನಮ್ಮ ಕಡೆ ಹೆಸರೇ ಇರಲಿಲ್ಲ. ರೋಗಾಣು ಕರುಳಿನ ಗೋಡೆಯಲ್ಲಿ ಬೀಡುಬಿಟ್ಟು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಗೋಡೆ ದಪ್ಪಗಾಗಿ ತಿಂದದ್ದು ಮೈಗೆ ಹತ್ತುವುದಿಲ್ಲ. ದನಕ್ಕಾದರೆ ಬೇಧಿ ಹತ್ತಿ ಗುಟ್ಟು ರಟ್ಟಾಗುತ್ತದೆ. ಕುರಿ ಹಾಗಲ್ಲ, ಕೊನೆಯವರೆಗೂ ಬಹಳಷ್ಟು ಕುರಿಗಳ ಹಿಕ್ಕೆ ಗುಂಡುಗುಂಡಾಗಿ ಚೆಂದವಾಗಿಯೇ ಇರುತ್ತದೆ. ಆ ಚೆಂದದ ಹಿಕ್ಕೆಯ ಜೊತೆಯಲ್ಲೇ ರೋಗಾಣು ಲೆಕ್ಕವಿಲ್ಲದಷ್ಟು ಹೊರಗೆ ಬೀಳುತ್ತದೆ. ಹತ್ತುವುದು ಎಳೆಯ ಮರಿಗಳಿಗೆ. ಮದ್ದಿಲ್ಲ.

ಡಾಕ್ಟರರು ಅವನ ಕೈಗೆ ಮೂರು ಖಾಲಿ ಡಬ್ಬಿ ಕೊಡಿಸಿದರು. ಎಲ್ಲಕ್ಕಿಂತ ಸೊರಗಿದ ಕುರಿಯ ಹಿಕ್ಕೆ ಕೆಂಪು ದಾರ ಕಟ್ಟಿದ ಡಬ್ಬಿಯಲ್ಲಿ, ಹೋಲಿಸಿ ನೋಡಲು ಬೇರೆ ಎರಡು ಕುರಿಗಳದ್ದು ಉಳಿದ ಎರಡರಲ್ಲಿ. ನಾನು ಕನ್ನಡದಲ್ಲಿ ಎರಡೆರಡು ಸಲ ಹೇಳಿದೆ. "ಕೆಂಪು ದಾರದ್ದು ಮುಖ್ಯ. ಅದನ್ನ ಮೊದಲು ತೆರೀತೀವಿ."

"ತಿಳೀತ್ರಿ ಅಕ್ಕಾವ್ರ," ಎಂದ. ಶಾಲೆಯ ಮಾಸ್ತರಿಣಿಯರನ್ನು ಕರೆಯುವಂತೆ ಅವನು ನನ್ನನ್ನು ಕರೆಯುತ್ತಿದ್ದ. ಡಬ್ಬಿಗಳು ನಾಲ್ಕನೆಯ ದಿನ ಬಂದವು.

ಹಿಕ್ಕೆಯನ್ನು ನೀರಲ್ಲಿ ಅರೆದು ಗಾಜಿನ ಮೇಲೆ ತೆಳ್ಳಗೆ ಸವರಿ ಒಣಗಿಸಬೇಕು. ಕೆಂಪು ಬಣ್ಣ ಸುರಿದು, ಆವಿ ಏಳುವವರೆಗೆ ಕೆಳಗಿನಿಂದ ದೀಪ ಹಿಡಿಯಬೇಕು. ಆಮ್ಲದಲ್ಲಿ ತೊಳೆದು ಕೊನೆಗೆ ನೀಲಿ ಹಾಕಬೇಕು. ಆಮ್ಲಕ್ಕೆ ಬೇರೆಲ್ಲವೂ ಕೆಂಪು ಬಿಟ್ಟು ನೀಲಿಯಾಗುತ್ತವೆ, ಈ ರೋಗಾಣು ಮಾತ್ರ ಕೆಂಪನ್ನು ಬಿಡುವುದಿಲ್ಲ. ಕೆಂಪು ದಾರದ ಡಬ್ಬಿಯ ಗಾಜಿನಲ್ಲಿ, ನೀಲಿಯ ನಡುವೆ, ಸಣ್ಣ ಸಣ್ಣ ಕೆಂಪು ಕಡ್ಡಿಗಳು ಗುಂಪುಗುಂಪಾಗಿ ಬಿದ್ದಿದ್ದವು. ಉಳಿದೆರಡು ಬರೀ ನೀಲಿ. ಡಾಕ್ಟರರು ಒಂದು ಕಣ್ಣು ಮುಚ್ಚಿ ನೋಡಿ, "ಬರೋಬರ" ಎಂದರು. ಸೊರಗಿದ ಕುರಿಯನ್ನು ಕೂಡಲೇ ಮರಿಗಳಿಂದ ದೂರ ಕಟ್ಟಬೇಕು ಎಂದು ಹೇಳಿ ಬರಲು ನನ್ನನ್ನೇ ಕಳಿಸಿದರು. ಊರಿಗೆ ಹೋಗಿ ಹೇಳಬೇಕಾದ ಮಾತು ನನಗೆ ಪೂರ್ತಿ ಗೊತ್ತಿದೆ ಎಂಬ ಧೈರ್ಯ ಆ ವಯಸ್ಸಿನಲ್ಲಿ ಮಾತ್ರ ಇರುತ್ತದೆ.

ಅಕ್ಕಲಕೋಟೆಯ ಮೋಟಾರು ಸ್ಟ್ಯಾಂಡಿನಲ್ಲಿ ಕುರಿಗಾರ ಕಾದಿದ್ದ. ಅಲ್ಲಿಂದ ಇನ್ನೊಂದು ಮೋಟಾರು, ಆಮೇಲೆ ಜೋಳದ ಹೊಲಗಳ ನಡುವೆ ನಡಿಗೆ. ಸಂಕ್ರಾಂತಿ ಮುಗಿದ ವಾರ, ತೆನೆಯಲ್ಲಿ ಕಾಳು ಇನ್ನೂ ಹಾಲು ಹಾಲು. ನೆನಪಿನಲ್ಲಿ ಆ ದಿನ ಬಿಸಿಲು ಬಂಗಾರದ ಹಾಗಿತ್ತು. ದಿನಚರಿಯಲ್ಲಿ "ಮೋಡ, ಧೂಳು" ಎಂದಿದೆ.

ಊರ ಹೊರಗೆ ಹಳ್ಳದ ದಂಡೆಯಲ್ಲಿ ಅವರ ಗುಡಿಸಲು. ಪಕ್ಕದಲ್ಲಿ ಮುಳ್ಳು ಬೇಲಿಯ ಒಂದು ಸಣ್ಣ ದೊಡ್ಡಿ, ಅದರಲ್ಲಿ ಆ ವರ್ಷದ ಮರಿಗಳು. ಮಂದೆಯೆಲ್ಲ ಮೇಯಲು ಹೋದಾಗ ಮರಿಗಳು ದಿನವಿಡೀ ಅಲ್ಲೇ ಇರುತ್ತಿದ್ದವು. ಅವುಗಳ ನಡುವೆ ಒಂದೇ ಒಂದು ದೊಡ್ಡ ಕುರಿ, ತುಂಬಿದ ಮೈಯದು, ಕಪ್ಪು ಕಿವಿಯದು, ಶೇಂಗಾ ಹೊಟ್ಟು ಮೆಲ್ಲುತ್ತ ರಾಣಿಯ ಹಾಗೆ ನಿಂತಿತ್ತು. ನಾಲ್ಕಾರು ಮರಿಗಳು ಅದರ ಕೆಚ್ಚಲಿಗೆ ಮೂತಿ ಹಚ್ಚಲು ತಳ್ಳಾಡುತ್ತಿದ್ದವು.

ಕುರಿಗಾರನ ತಾಯಿ ದೊಡ್ಡಿಯ ಬಾಗಿಲಲ್ಲಿ ಕೂತಿದ್ದಳು. ಸಣ್ಣ ಗಾತ್ರದ, ದೊಡ್ಡ ದನಿಯ ಮುದುಕಿ.

"ಬಾ ಯವ್ವಾ, ಬಾ. ನೀನೇನ ಸರ್ಕಾರದಾಕಿ? ನಾ ಎಷ್ಟ ದೊಡ್ಡಾಕಿ ಬರ್ತಾಳ ಅಂದಿದ್ದೆ. ನಮ್ಮ ಮರಿ ಇದ್ದಂಗ ಅದಿಯಲ್ಲ!"

ನಾನು ಹೇಳಬೇಕಾದದ್ದನ್ನು ಹೇಳಿದೆ. ಮಗ ಹೋಗಿ ಸೊರಗಿದ ಕುರಿಯನ್ನು ಹಿಡಿದು ತಂದು ದೂರದ ಜಾಲಿ ಮರಕ್ಕೆ ಕಟ್ಟಿದ. ನಿಜಕ್ಕೂ ಬಡಕಲು ಕುರಿ, ಬೆನ್ನ ಮೇಲೆ ಕೈಯಿಟ್ಟರೆ ಗರಗಸ. ಕೆಲಸ ಇಷ್ಟು ಹಗುರಾಗಿ ಮುಗಿದದ್ದು ನನಗೂ ಖುಷಿಯಾಯಿತು. ಆಮೇಲೆ ಕುಣಿಯಲ್ಲಿ ಕುಳ್ಳಿನ ಬೆಂಕಿ ಮಾಡಿ ಎಳೆ ಜೋಳದ ತೆನೆ ಸುಟ್ಟು ಸೀತನಿ ಮಾಡಿದರು. ಮುದುಕಿ ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಶೇಂಗಾ ಚಟ್ನಿಯ ಜೊತೆ ನನ್ನ ಕೈಗೆ ಸುರಿಯುತ್ತಿದ್ದಳು. ನಾನು ವಾರವಿಡೀ ನೋಡಿದ್ದನ್ನು ಮರೆತು ತಿಂದೆ.

ತಿನ್ನುತ್ತ ಆಕೆ ತನ್ನ ಕಪ್ಪು ಕಿವಿಯ ಕುರಿಯ ಕಥೆ ಹೇಳಿದಳು. ಭಂಡಾರಕವಠೆಯ ತವರಿನಿಂದ ಮದುವೆಯಾಗಿ ಬರುವಾಗ ಅವಳ ತಾಯಿ ಒಂದು ಹೆಣ್ಣು ಕುರಿ ಕೊಟ್ಟಿದ್ದಳಂತೆ. ಅದರ ಮಗಳು, ಮೊಮ್ಮಗಳು ಹೀಗೆ ಇಳಿದು ಬಂದದ್ದು ಇದು. ಈ ಸಂತತಿಯದೊಂದು ಗುಣ: ಯಾರ ಮರಿ ಬಂದರೂ ಒದೆಯದೆ ಹಾಲು ಕೊಡುತ್ತದೆ. ಆದ್ದರಿಂದಲೇ ಅದನ್ನು ಮೇಯಲು ಬಿಡದೆ ಮರಿಗಳ ಜೊತೆ ಇಟ್ಟಿದ್ದು, ತಾಯಿ ಸತ್ತ ಮರಿಗಳನ್ನು ಬೆಳೆಸಿದ್ದು.

"ಈಗ ಈಕಿಗೆ ಹೆಣ್ಣ ಮರಿ ಅಂತ ಇರೋದು ಅದೊಂದ," ಎಂದು ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಮರಿಯನ್ನು ತೋರಿಸಿದಳು. "ಮುಂದ ನನ್ನ ತವರು ಅಂದ್ರ ಅದ. ಅಣ್ಣ ತಮ್ಮ ಯಾರೂ ಉಳದಿಲ್ಲ." ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮಿಟುಕಿಸಿದಳು. "ಖರೇ ಹೇಳು, ನಮ್ಮ ಕರಿಕಿವಿ ಹಿಕ್ಕಿ ಹೆಂಗಿತ್ತು? ಮುತ್ತಿನಂಗ ಇತ್ತಲ್ಲ?"

"ಯಾವ ಹಿಕ್ಕಿ ಆಯಿ?"

"ಅಯ್ಯ, ನಿಮ್ಮ ಸೊಲ್ಲಾಪುರಕ್ಕ ಕಳಿಸಿದ್ದು! ಕೆಂಪ ದಾರದ್ದು."

ನನ್ನ ಕೈಯ ಕಾಳು ಕೈಯಲ್ಲೇ ಉಳಿಯಿತು. "ಅದ್ರಾಗ ಬಡಕಲ ಕುರೀದು ಇತ್ತಲ್ಲ?"

"ಇವ ಹಂಗ ಹಾಕಿಟ್ಟಿದ್ದ. ನಾನ ತಗದು ಚೆಲ್ಲಿದೆ. ಕೆಂಪ ದಾರದ್ದು ಮೊದಲ ತೆರೀತಾರಂತ ಇವನ ಹೇಳಿದ. ಸರ್ಕಾರದ ಮಂದಿ ಮೊದಲ ತೆರೆಯೋ ಡಬ್ಬ್ಯಾಗ ಆ ದರಿದ್ರದ ಹಿಕ್ಕಿ ಇರಬೇಕೇನು? ನಮ್ಮ ಮಂದಿ ಮರ್ಯಾದಿ ಏನಾಗಬೇಕು? ಚಲೋದ ಆರಿಸಿ ಹಾಕಿದೆ."

ಮಗ ತಲೆಯ ಮೇಲೆ ಕೈಯಿಟ್ಟುಕೊಂಡ. "ಯವ್ವಾ! ಏನ ಮಾಡಿ ಇಟ್ಟಿ!"

"ಏನ ಮಾಡ್ದೆ? ನೀ ಲಗ್ನಕ್ಕ ಕನ್ಯಾ ನೋಡಾಕ ಹೋದಾಗ ಹರಕ ಅಂಗಿ ಹಾಕ್ಕೊಂಡ ಹೋಗಿದ್ದೇನು?"

ನಕ್ಕೆ, ಮತ್ತು ತಿರುಗಿ ಕರಿಕಿವಿಯನ್ನು ನೋಡಿದೆ. ಯಾವುದು ಮೊದಲು ಎಂದು ಈಗ ಪ್ರಮಾಣ ಮಾಡಿ ಹೇಳಲಾರೆ. ಗಾಜಿನ ಮೇಲಿನ ಆ ಕೆಂಪು ಗುಂಪುಗಳು ಈ ತುಂಬಿದ ಮೈಯ ಕುರಿಯವು. ಮೇಲೆ ಒಂದು ಗುರುತೂ ಇಲ್ಲದೆ, ವರ್ಷದ ಮರಿಗಳ ನಡುವೆ ನಿಂತು, ದಿನವಿಡೀ ರೋಗ ಸುರಿಸುತ್ತಿರುವುದು ಇದೇ. ಪುಸ್ತಕದಲ್ಲಿ "ಆರೋಗ್ಯವಾಗಿ ಕಾಣುವ ಕುರಿಯೂ ಹರಡಬಹುದು" ಎಂದು ಅಡಿಗೆರೆ ಹಾಕಿ ಓದಿದ್ದೆ. ಆದರೂ ಸೊಲ್ಲಾಪುರದಿಂದ ಬಂದು ಬಡಕಲನ್ನು ಕಟ್ಟಿಹಾಕಿಸಿ ಸೀತನಿ ತಿನ್ನುತ್ತಿದ್ದೆ. ಮುದುಕಿಯ ಮರ್ಯಾದೆ ಇಲ್ಲದಿದ್ದರೆ ಈ ಕುರಿಯ ಸುದ್ದಿ ನಮಗೆ ತಿಳಿಯುತ್ತಲೇ ಇರಲಿಲ್ಲ.

ಹೇಳದೆ ಸೊಲ್ಲಾಪುರಕ್ಕೆ ಹೋಗಿ, ಇನ್ನೊಮ್ಮೆ ಪರೀಕ್ಷೆ ಮಾಡಿ, ಕಾಗದ ಬರೆದು ತಿಳಿಸೋಣವೇ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಅಷ್ಟರಲ್ಲಿ ಬಿಳಿ ಚುಕ್ಕೆಯ ಮರಿ ಇನ್ನೊಂದು ವಾರ ಅಲ್ಲಿ ಮಲಗುತ್ತದೆ. ಹೇಳಿದೆ.

ಮುದುಕಿ ಕರಿಕಿವಿಯತ್ತ ಕೈ ಮಾಡಿದಳು. "ಆಕಿ ಮೈ ನೋಡು," ಎಂದಳು. "ರೋಗ ಇದ್ದಾಕಿ ಹಿಂಗ ಇರ್ತಾಳೇನು?"

"ಈಗ ಹಿಂಗ ಇರ್ತಾಳ ಆಯಿ. ಬ್ಯಾನಿ ಕರುಳಿನ ಗ್ವಾಡ್ಯಾಗ ಐತಿ, ಬಾಳ ಸಾವಕಾಶ. ಮೈ ಇಳಿಯೋದು ಆಮ್ಯಾಲೆ. ಅಷ್ಟರಾಗ ಹಿಕ್ಕಿ ಜೋಡಿ ಹೊರಗ ಬಿದ್ದು, ಹೊಟ್ಟಿನಾಗ, ಕೆಚ್ಚಲಿಗೆ ಹತ್ತಿ, ಮರಿ ಬಾಯಾಗ ಹೋಗ್ತೈತಿ. ಮರಿಗೂ ಇವತ್ತ ಏನೂ ಆಗಂಗಿಲ್ಲ. ಮೂರನೇ ವರ್ಷಕ್ಕ ಸೊರಗಾಕ ಹತ್ತತೈತಿ."

ಆಕೆ ಬೆರಳು ಮಡಚುತ್ತ ಸತ್ತ ಕುರಿಗಳನ್ನು ಒಂದೊಂದಾಗಿ ನೆನೆದಳು. ಹೋದ ವರ್ಷ ಸತ್ತ ಮುರಿಕೊಂಬಿನದು, ಅದಕ್ಕೆ ತಾಯಿ ಇರಲಿಲ್ಲ, ಈ ದೊಡ್ಡಿಯಲ್ಲೇ ಬೆಳೆದದ್ದು. ಅದರ ಹಿಂದಿನ ವರ್ಷದ ಕೆಂದು, ಅದೂ ಇಲ್ಲಿಯದೇ. ಕರಿಕಿವಿಯ ತಾಯಿಯೂ ಹೀಗೆ ಎಲ್ಲ ಮರಿಗೆ ಹಾಲು ಕೊಟ್ಟದ್ದು, ಕೊನೆಗೆ ಒಣಗಿ ಸತ್ತದ್ದು. ಎಂಟು ಹತ್ತು ಕುರಿಗಳ ಹುಟ್ಟು, ಹಾಲು, ಸಾವು ಆಕೆಯ ಬೆರಳಲ್ಲಿದ್ದವು. ಸ್ವಂತ ತಾಯಿಯ ಹಾಲಲ್ಲೇ ಬೆಳೆದವು ಹೆಚ್ಚಾಗಿ ಗಟ್ಟಿ, ಕರಿಕಿವಿಯ, ಅದರ ತಾಯಿಯ ಹಾಲು ಕುಡಿದವು ಸೊರಗಿದವು. ನೆನಪೆಂದರೆ ಮೂಗು ಮುರಿಯುವ ನಾನು ಆವತ್ತು ಆ ಮುದುಕಿಯ ನೆನಪನ್ನು ಯಾವ ಪುಸ್ತಕಕ್ಕಿಂತ ಹೆಚ್ಚು ನಂಬಿದೆ. ಇವತ್ತಿಗೂ ನಂಬುತ್ತೇನೆ.

"ಹಂಗಾರ ಈ ಚುಕ್ಕಿಗೂ ಹತ್ತೈತೇನು?" ಎಂದು ಕೇಳಿದಳು. ದನಿ ಸಣ್ಣದಾಗಿತ್ತು.

"ಹತ್ತಿರಬಹುದು. ಇಲ್ಲಾ, ಇನ್ನೂ ಹತ್ತಿರಲಿಕ್ಕಿಲ್ಲ. ಇವತ್ತ ಬಿಡಿಸಿದರ ಉಳದರೂ ಉಳೀತೈತಿ."

"ಆತು," ಎಂದು ಮುದುಕಿ ಎದ್ದಳು. "ಮಲಿ ಬಿಡಿಸೋದೇನ ದೊಡ್ಡ ಮಾತು. ದಿನಾ ಮಾಡೋದ ಐತಿ." ದೊಡ್ಡಿಗೆ ಹೋಗಿ ಬಗ್ಗಿ, ಕರಿಕಿವಿಯ ಹಸಿ ಹಿಕ್ಕೆಯನ್ನು ಬೊಗಸೆಗೆ ತೆಗೆದುಕೊಂಡು ಚೆನ್ನಾಗಿ ಕಿವುಚಿ, ಅದರ ಕೆಚ್ಚಲಿಗೆ ಹಚ್ಚಲು ಕೈ ಚಾಚಿದಳು.

"ಬ್ಯಾಡ! ಬ್ಯಾಡ ಆಯಿ!" ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಮರಿಗಳೆಲ್ಲ ಒಂದು ಮೂಲೆಗೆ ಓಡಿದವು, ಮಗ ಸೀತನಿಯ ಬುಟ್ಟಿ ಬೀಳಿಸಿದ.

ಆಗ ತಿಳಿಯಿತು. ಎಲ್ಲ ಮರಿಗಳೂ ಮುಗಿಬಿದ್ದು ಕುಡಿದು ಹಾಲು ಬೇಗ ಬತ್ತಬಾರದೆಂದು ಆಕೆ ಪ್ರತಿದಿನ ಮುಂಜಾನೆ ಕರಿಕಿವಿಯ ಮೊಲೆಗಳಿಗೆ ಅದರದೇ ಹಿಕ್ಕೆ ಹಚ್ಚುತ್ತಿದ್ದಳು. ಮರಿಗಳು ಮೂತಿ ಹಚ್ಚಿ, ನೆಕ್ಕಿ, ಮುಖ ಸಿಂಡರಿಸಿ ಬಿಡುತ್ತಿದ್ದವು. ಸಂಜೆ ಸೆರಗಿನ ಚುಂಗಿನಿಂದ ಒರೆಸಿ ಒಂದೊಂದಾಗಿ ಕುಡಿಸುತ್ತಿದ್ದಳು. ಆಕೆಯ ಅತ್ತೆ ಹಾಗೆ ಮಾಡುತ್ತಿದ್ದಳು, ಅವಳ ಅತ್ತೆಯೂ ಹಾಗೇ. ಕರುಳಿನ ರೋಗಾಣುವನ್ನು ಮರಿಯ ಬಾಯಿಗೆ ಮುಟ್ಟಿಸಲು ಇದಕ್ಕಿಂತ ನೇರ ದಾರಿ ಯಾವ ಪಂಡಿತನಿಗೂ ಹೊಳೆಯುತ್ತಿರಲಿಲ್ಲ.

ಇದನ್ನೂ ಹೇಳಿದೆ. ಮುದುಕಿ ತನ್ನ ಹಸಿರು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ಆಕೆ ನಕ್ಕಳು, ಮೊದಲು ಸಣ್ಣಗೆ, ಆಮೇಲೆ ಬೇಲಿ ಹಿಡಿದುಕೊಂಡು. "ನೋಡ್ಯೋ ತಮ್ಮಾ, ನಿಮ್ಮಜ್ಜಿ ಕಲಿಸಿದ ಶಾಣ್ಯಾತನ! ಎಷ್ಟ ವರ್ಷ ನಾನ ನನ್ನ ಕೈಯಾರ ತಿನಿಸೀನಿ!" ನಗು ಮುಗಿದ ಮೇಲೆ ಕಣ್ಣು ಒರೆಸಿಕೊಳ್ಳಲು ಹೋದಳು. ನಾನು ಆಕೆಯ ಕೈ ಹಿಡಿದೆ, ಮೊದಲು ತೊಳೆಸಿದೆ.

ಉಳಿದದ್ದನ್ನೆಲ್ಲ ನಿಶ್ಚಯಿಸಿದ್ದು ಆಕೆಯೇ. ಕರಿಕಿವಿಯನ್ನು ಹೊರಗೆ ಹಾಕುವುದಿಲ್ಲ ಎಂದಳು. "ಇಷ್ಟ ಮಂದಿಗೆ ಹಾಲ ಕೊಟ್ಟಾಕಿ ಮನಿ ಬಿಟ್ಟ ಎಲ್ಲಿಗೆ ಹೋಗಬೇಕು? ಆಕಿ ಇಲ್ಲೇ ಇರ್ಲಿ. ಮರಿಗೋಳು ಹೋಗ್ಲಿ." ಹಳ್ಳದ ಆಚೆ ದಂಡೆಯಲ್ಲಿ, ಕುರಿ ಎಂದೂ ಮಲಗದ ಬಟ್ಟಬಯಲಿನಲ್ಲಿ ಹೊಸ ಬೇಲಿ ಹಾಕುವುದು, ಅಲ್ಲಿ ಬಿಸಿಲೂ ಚೆನ್ನಾಗಿ ಬೀಳುತ್ತದೆ. ಹಳೆಯ ದೊಡ್ಡಿಯ ಗೊಬ್ಬರ ಕೆರೆದು ಮಂದೆ ಮೇಯದ ಹೊಲಕ್ಕೆ ಹಾಕುವುದು. ತಾಯಿಯಿಲ್ಲದ ಮರಿಗಳಿಗೆ ಊರೊಳಗಿನ ಮನೆಯೊಂದರಲ್ಲಿ ಒಂಟಿಯಾಗಿ ಬೆಳೆದ ಆಡಿನ ಹಾಲು. ಹಾಲು ಬಿಡಿಸಬೇಕಾದಾಗ ಹಿಕ್ಕೆಯ ಬದಲು ಬೇವಿನ ಎಲೆ ಅರೆದು ಹಚ್ಚುವುದು. ಇದು ನನ್ನ ಸಲಹೆಯೋ ಆಕೆಯದೋ ನೆನಪಿಲ್ಲ, ಬಹಳ ವರ್ಷ ನನ್ನದೆಂದೇ ಹೇಳಿಕೊಂಡು ಬಂದಿದ್ದೇನೆ.

ಆ ಸಂಜೆ ಮರಿಗಳನ್ನು ಎರಡೆರಡಾಗಿ ಕಂಕುಳಲ್ಲಿ ಇರುಕಿಕೊಂಡು ನಾವು ಮೂವರೂ ಹಳ್ಳ ದಾಟಿದೆವು. ಚುಕ್ಕಿಯನ್ನು ಮುದುಕಿಯೇ ಎತ್ತಿಕೊಂಡಳು. ಈಚೆ ದಂಡೆಯಲ್ಲಿ ಕರಿಕಿವಿ ಒಂದೇ ಸಮನೆ ಕೂಗುತ್ತಿತ್ತು. "ಬಾಯಿ ಮುಚ್ಚ್ಯೇ! ಮಗಳನ್ನ ಗಂಡನ ಮನಿಗೆ ಕಳಿಸೋರು ಹಿಂಗ ಒದರ್ತಾರೇನು!" ಎಂದು ಮುದುಕಿಯೂ ಕೂಗಿದಳು. ಆದರೆ ಮರಳುವಾಗ ಅದಕ್ಕೊಂದು ಹಿಡಿ ಸೀತನಿ ಹಾಕಿಯೇ ಮುಂದೆ ಹೋದಳು.

ನಾನು ಎರಡೂ ಕುರಿಗಳ ಹಿಕ್ಕೆಯನ್ನು ನನ್ನ ಕೈಯಿಂದಲೇ ತುಂಬಿಕೊಂಡು ಸೊಲ್ಲಾಪುರಕ್ಕೆ ತಂದೆ. ಕರಿಕಿವಿ ಮತ್ತೆ ಕೆಂಪು. ಬಡಕಲಿನದು ಬರೀ ನೀಲಿ. ಡಾಕ್ಟರರು ಮುಂದಿನ ಸಲ ಹೋದಾಗ ಅದರ ಬಾಯಿ ತೆರೆದು ನೋಡಿ ನಗತೊಡಗಿದರಂತೆ. ರೋಗವಲ್ಲ, ವಯಸ್ಸು. ಹಲ್ಲು ಸವೆದು ಹೋಗಿದ್ದವು. ನೆನೆಸಿದ ಹಿಂಡಿ ಹಾಕಿದ ಮೇಲೆ ಅದು ಇನ್ನೂ ಒಂದು ವರ್ಷ ಬದುಕಿತು, ಕೊನೆಯವರೆಗೆ ಮುದುಕಿ ಅದನ್ನು "ನಮ್ಮ ಸರ್ಕಾರಿ ಕುರಿ" ಎನ್ನುತ್ತಿದ್ದಳು. ಕರಿಕಿವಿ ಮರುವರ್ಷದ ಮಳೆಗಾಲದಲ್ಲಿ ಸೊರಗತೊಡಗಿತು. ಅದು ಸತ್ತ ಸುದ್ದಿಯನ್ನು ಮಗ ಹೇಳಿದ ದಿನ ದಿನಚರಿಯಲ್ಲಿ ಏನೂ ಬರೆದಿಲ್ಲ.

ಮೂರನೆಯ ವರ್ಷ, ಸೀತನಿಯ ಕಾಲಕ್ಕೇ, ಕುರಿಗಾರ ಮತ್ತೆ ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದ. ಒಂದು ಡಬ್ಬಿ, ಒಂದು ಬಟ್ಟೆಯ ಗಂಟು.

"ಚುಕ್ಕೀದ್ರಿ ಅಕ್ಕಾವ್ರ. ಈಗ ಆಕಿಗೂ ಒಂದ ಮರಿ ಐತಿ. ನೋಡಿ ಹೇಳ್ಬೇಕಂತ್ರಿ ಅವ್ವ."

"ಖರೇ ಚುಕ್ಕೀದ ಐತೇನು? ಚಲೋದ ಆರಿಸಿ ತಂದಿಲ್ಲಲ್ಲ?"

"ಇಲ್ರಿ! ಮೂರ ದಿನ ಆತ್ರಿ, ಅವ್ವ ಆಕಿ ಬೆನ್ನ ಹತ್ತಿ ತಿರಗ್ಯಾಳ. ಎಲ್ಲಾದಕ್ಕಿಂತ ಕೆಟ್ಟ ಹಿಕ್ಕಿ ಯಾವುದೈತಿ ಅದನ್ನ ಹುಡುಕಿ ಹುಡುಕಿ ತುಂಬ್ಯಾಳ. ತಂದದ್ದಕ್ಕ ನನಗ ನಾಚಿಕಿ ಆಗಾಕತ್ತೈತ್ರಿ."

ಗಾಜಿನ ಮೇಲೆ ಅರ್ಧ ದಿನ ಹುಡುಕಿದೆ. ಮೂಲೆ ಮೂಲೆ ನೀಲಿ. ಒಂದು ಗಾಜು ನೀಲಿಯಾದರೆ ರೋಗವಿಲ್ಲ ಎಂದು ಹೇಳಲಾಗದು, ಡಾಕ್ಟರರೂ ಅದನ್ನೇ ಹೇಳಿದರು, ನಾನೂ ಅವನಿಗೆ ಹಾಗೇ ಹೇಳಿದೆ. ಮೈ ಹೇಗಿದೆ ಎಂದು ಕೇಳಿದೆ. ಅವನು ಎರಡೂ ಕೈ ಅಗಲಿಸಿ ತೋರಿಸಿದ. ಅಷ್ಟು ಅಗಲದ ಕುರಿ ಸೊಲ್ಲಾಪುರ ಜಿಲ್ಲೆಯಲ್ಲಿ ಇರಲಾರದು, ಆದರೆ ನಾನು ತಿದ್ದಲಿಲ್ಲ.

"ಹಂಗಾರ ಸದ್ಯಕ್ಕ ನೀಲಿ ಅಂತ ಅವ್ವಗ ಹೇಳ್ಲ್ಯಾ?"

"ಸದ್ಯಕ್ಕ ನೀಲಿ ಅಂತ ಹೇಳು. ಆರ ತಿಂಗಳಿಗೆ ಮತ್ತ ತಾ."

ಗಂಟಿನಲ್ಲಿ ಸೀತನಿಯ ಕಾಳಿತ್ತು, ನಮ್ಮ ಅವ್ವನಿಗೆಂದು. ಮನೆಗೆ ತಂದು ಕೊಟ್ಟಾಗ ಅವ್ವ ಗಂಟನ್ನು ಎರಡು ಬೆರಳಲ್ಲಿ ಹಿಡಿದು, "ಇದು ಯಾವ ಡಬ್ಬಿ ಜೋಡಿ ಬಂದದ್ದು?" ಎಂದು ಕೇಳಿದಳು. ಹೇಳಿದೆ. ಗಂಟು ಬಿಚ್ಚಿ ಮೂಸಿ ನೋಡಿದಳು, ಚಟ್ನಿ ತರಲು ಒಳಗೆ ಹೋದಳು.